ಸ್ಪೆಕ್ಟ್ರಮ್ 48ಕೆ: ಆನ್ ಮಾಡಿದರೆ ಬರೀ ಕಪ್ಪು-ಬಿಳಿ ಪಟ್ಟೆ, ಎಲ್ಲಿಂದ ಶುರು ಮಾಡಲಿ?

ಮಲ್ಲಿಗೆ48
ಎಲ್ಲರಿಗೂ ನಮಸ್ಕಾರ. ನನ್ನದು ಎಂಬತ್ತರ ದಶಕದ ಬ್ರಿಟಿಷ್ ಮನೆ ಕಂಪ್ಯೂಟರ್ ಜೆಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ, ರಬ್ಬರ್ ಕೀಗಳ ಮಾದರಿ. ಬೋರ್ಡ್ ಮೇಲೆ ಇಶ್ಯೂ 3ಬಿ (ಬೋರ್ಡಿನ ಆವೃತ್ತಿ) ಅಂತ ಅಚ್ಚಾಗಿದೆ. ಹಿಂದೆ ಯಾರೋ ಕಾಂಪೊಸಿಟ್ ವಿಡಿಯೊಗೆ ಬದಲಾಯಿಸಿಟ್ಟಿದ್ದಾರೆ, ಹಾಗಾಗಿ ಟಿವಿಯ ಹಳದಿ ಸಾಕೆಟ್‌ಗೆ ನೇರ ಹೋಗುತ್ತೆ. ಆನ್ ಮಾಡಿದರೆ ಅಂಚು ಬೆಳ್ಳಗೆ, ಮಧ್ಯದಲ್ಲಿ ಉದ್ದುದ್ದ ಕಪ್ಪು-ಬಿಳಿ ಪಟ್ಟೆ. ಬಣ್ಣ ಒಂಚೂರೂ ಇಲ್ಲ. 1982 ಸಿಂಕ್ಲೇರ್ ರಿಸರ್ಚ್ ಅನ್ನೋ ಸಾಲು ಬರೋದೇ ಇಲ್ಲ.

ಮೂಲ ಅಡಾಪ್ಟರ್ ಇಲ್ಲ. 9 ವೋಲ್ಟ್ 2 ಆಂಪ್‌ನ ಹೊಸ ಅಡಾಪ್ಟರ್ ಇದೆ. ಕೆಪ್ಯಾಸಿಟರ್ ಎಲ್ಲಾ ಮೊದಲು ಬದಲಾಯಿಸಬೇಕಾ? ರ್‍ಯಾಮ್ ಚಿಪ್ ಹೋಗಿದೆ ಅಂತ ಹೇಗೆ ಖಚಿತ ಮಾಡಿಕೊಳ್ಳೋದು? ಮಲ್ಟಿಮೀಟರ್ ಇದೆ, ಸೋಲ್ಡರಿಂಗ್ ಐರನ್ ಇದೆ, ಆಸಿಲೋಸ್ಕೋಪ್ ಇಲ್ಲ.

ಬೆಸುಗೆಬಸವ
ಮತ್ತೆ ಆನ್ ಮಾಡೋದು ನಿಲ್ಲಿಸಿ. ಮೊದಲು ಅಡಾಪ್ಟರ್ ತುದಿ ನೋಡಿ. ಸ್ಪೆಕ್ಟ್ರಮ್‌ಗೆ ಪ್ಲಗ್‌ನ ಒಳಭಾಗ ಮೈನಸ್, ಹೊರಭಾಗ ಪ್ಲಸ್. ಇಲ್ಲಿ ಅಂಗಡಿಯಲ್ಲಿ ಸಿಗೋ ಅಡಾಪ್ಟರ್‌ಗಳು ಹೆಚ್ಚಾಗಿ ಇದಕ್ಕೆ ಉಲ್ಟಾ. ಮೀಟರಿನ ಕೆಂಪು ತಂತಿ ಒಳಗೆ, ಕಪ್ಪು ಹೊರಗೆ ಇಟ್ಟರೆ ಮೈನಸ್ 9 ಬರಬೇಕು. ಪ್ಲಸ್ 9 ಬಂದರೆ ಹಾಕಲೇಬೇಡಿ, ಬೋರ್ಡಿನಲ್ಲಿ ಉಲ್ಟಾ ಕರೆಂಟ್ ತಡೆಯೋ ಡಯೋಡ್ ಇಲ್ಲ.

ಮಲ್ಲಿಗೆ48
ಮೈನಸ್ 9.05 ಬರ್ತಿದೆ. ತಂತಿ ಅದಲುಬದಲು ಮಾಡಿಯೇ ಬೆಸೆದಿದ್ದೆ.

ಕುಡ್ಲಚಿಪ್
ಹಾಗಾದ್ರೆ ಸರಿ ಉಂಟು. ಮೂಲ ಅಡಾಪ್ಟರ್ 9 ವೋಲ್ಟ್ 1.4 ಆಂಪ್, ರೆಗ್ಯುಲೇಟ್ ಮಾಡದ್ದು. ಲೋಡ್ ಇಲ್ಲದೆ ಅಳೆದರೆ 12ರ ಮೇಲೆಯೂ ತೋರಿಸ್ತದೆ, ಅದು ಕೆಟ್ಟದ್ದಲ್ಲ. ಆದರೆ ಅಷ್ಟು ಹೆಚ್ಚುವರಿ ವೋಲ್ಟ್ ಎಲ್ಲ 7805 (5 ವೋಲ್ಟ್ ಕೊಡುವ ರೆಗ್ಯುಲೇಟರ್) ತಿಂದು ಬಿಸಿ ಮಾಡ್ತದೆ. ನಿಮ್ಮ ಸ್ವಿಚಿಂಗ್ ಅಡಾಪ್ಟರೇ ಒಳ್ಳೆಯದು ಮಾರಾಯ್ರೆ. 9ರಿಂದ 5ಕ್ಕೆ ಇಳಿಸುವಾಗ 700 ಮಿಲಿಆಂಪ್ ಹರಿದರೆ 2.8 ವ್ಯಾಟ್ ಶಾಖ, ಹೀಟ್‌ಸಿಂಕ್ ತಡ್ಕೊಳ್ತದೆ.

ಮರುಜೋಡಣೆ_ಮೈಸೂರು
ಕೆಪ್ಯಾಸಿಟರ್ ಕಿಟ್ ತರಿಸಿ ಎಲ್ಲಾ ಬದಲಾಯಿಸಿಬಿಡಿ ಸರ್. ನಲವತ್ತು ವರ್ಷ ದಾಟಿದ ಎಲೆಕ್ಟ್ರೋಲಿಟಿಕ್ ನಂಬೋಕಾಗಲ್ಲ. ಅದಾದ ಮೇಲೆ ಉಳಿದದ್ದು ನೋಡಿದರಾಯಿತು.

ಬೆಸುಗೆಬಸವ
@ಮರುಜೋಡಣೆ_ಮೈಸೂರು ಒಪ್ಪಲ್ಲ. ಕೆಟ್ಟಿರೋ ಬೋರ್ಡಿಗೆ ಹತ್ತು ಹನ್ನೆರಡು ಹೊಸ ಬೆಸುಗೆ ಹಾಕಿದರೆ, ಆಮೇಲೆ ಕಾಣೋ ದೋಷ ಹಳೆಯದಾ, ಹೊಸದಾಗಿ ನಾವೇ ಮಾಡಿದ್ದಾ ಅಂತ ಗೊತ್ತಾಗಲ್ಲ. ಒಂದು ಕೆಪ್ಯಾಸಿಟರ್ ತಿರುವುಮುರುವಾದರೆ ಸಾಕು. ಮೊದಲು ಅಳತೆ, ಆಮೇಲೆ ಐರನ್.

ಮಲ್ಲಿಗೆ48 ಅವರೇ, ಕೆಳಗಿನ 16ಕೆ ರ್‍ಯಾಮ್ ಅಂದರೆ ಐಸಿ6ರಿಂದ ಐಸಿ13ರವರೆಗೆ ಎಂಟು 4116 ಚಿಪ್. ಇವಕ್ಕೆ ಮೂರು ವೋಲ್ಟೇಜ್ ಬೇಕು. 1ನೇ ಕಾಲಿಗೆ ಮೈನಸ್ 5, 8ನೇ ಕಾಲಿಗೆ ಪ್ಲಸ್ 12, 9ನೇ ಕಾಲಿಗೆ ಪ್ಲಸ್ 5, 16 ಗ್ರೌಂಡ್. ಕಪ್ಪು ತಂತಿಯನ್ನು 7805ರ ಲೋಹದ ಬೆನ್ನಿಗೆ ಕ್ಲಿಪ್ ಮಾಡಿ, ಅದು ಗ್ರೌಂಡೇ. ಕೆಂಪು ಮುಳ್ಳನ್ನು ಒಂದೊಂದೇ ಕಾಲಿಗೆ ಮುಟ್ಟಿಸಿ ಓದಿ. 8ರಿಂದ ಜಾರಿ 7ಕ್ಕೆ ತಾಗಿತೋ 12 ವೋಲ್ಟ್ ವಿಳಾಸದ ಗೆರೆಗೆ ನುಗ್ಗಿ ಇನ್ನೊಂದೆರಡು ಚಿಪ್ ಸಾಯುತ್ತೆ. ಮುಳ್ಳಿನ ತುದಿ ಬಿಟ್ಟು ಉಳಿದದ್ದಕ್ಕೆ ತೋಳುಪಟ್ಟಿಯ ಹಾಗೆ ಇನ್ಸುಲೇಷನ್ ಟೇಪ್ ಸುತ್ತಿ.

ಮರುಜೋಡಣೆ_ಮೈಸೂರು
ಅಳತೆ ಬೇಡ ಅಂತ ನಾನೆಲ್ಲೂ ಹೇಳಿಲ್ಲ. ಆದರೆ ಕೆಪ್ಯಾಸಿಟರ್ ಇವತ್ತಲ್ಲ ನಾಳೆ ಬದಲಾಯಿಸಲೇಬೇಕು, ಅದನ್ನೂ ಬರೆದಿಟ್ಟುಕೊಳ್ಳಲಿ.

ಹುಬ್ಬಳ್ಳಿಮೀಟರ್
ಇಬ್ಬರೂ ಸರಿ ಅದೀರಿ, ಕ್ರಮ ಮಾತ್ರ ಬ್ಯಾರೆ. ಬಣ್ಣ ಇಲ್ಲ ಅಂತ ಹೇಳ್ಯಾರಲ್ಲ, ಅದ ದೊಡ್ಡ ಸುಳಿವು ನೋಡ್ರಿ. ಬಣ್ಣ ಮಾಡೋ ಎಲ್‌ಎಮ್1889 ಚಿಪ್, ಐಸಿ14, ಅದೂ 12 ವೋಲ್ಟ್ ಮ್ಯಾಲೇ ನಡೀತೈತಿ. ರ್‍ಯಾಮೂ ಇಲ್ಲ, ಬಣ್ಣಾನೂ ಇಲ್ಲ ಅಂದ್ರ ಎರಡಕ್ಕೂ ಒಂದ ಬೇರು: 12 ವೋಲ್ಟ್. ರ್‍ಯಾಮ್ ಚಿಪ್‌ಗೆ ಕೈ ಹಚ್ಚಬ್ಯಾಡ್ರಿ ಈಗ.

ಮಲ್ಲಿಗೆ48
ಅಳೆದೆ. ನಾಲ್ಕು ಚಿಪ್‌ಗಳಲ್ಲಿ ನೋಡಿದೆ, ಎಲ್ಲದರಲ್ಲೂ ಒಂದೇ.
9ನೇ ಕಾಲು: 5.02
8ನೇ ಕಾಲು: 8.4
1ನೇ ಕಾಲು: 0

ಹುಬ್ಬಳ್ಳಿಮೀಟರ್
ಸಿಕ್ಕಿತಲ್ಲ! ಡಿಸಿ-ಡಿಸಿ ಕನ್ವರ್ಟರ್ ಓಡವಲ್ದು. 9 ವೋಲ್ಟ್ ಸುರುಳಿ ದಾಟಿ, ಡಯೋಡ್‌ನ್ಯಾಗ 0.6 ಕಳಕೊಂಡು, 8.4 ಆಗಿ ಹಂಗ ಹಾದು ಬರಾಕತ್ತೈತಿ. ಕನ್ವರ್ಟರ್ ಮಿಡಿದರಷ್ಟ 12 ಆಗ್ತೈತಿ, ಆ ಮಿಡಿತದಿಂದನ ಮೈನಸ್ 5 ಹುಟ್ಟತೈತಿ. ಟಿಆರ್4 ಟ್ರಾನ್ಸಿಸ್ಟರ್ ಹೋಗೈತಿ ಅನಸ್ತೈತಿ. ಈ ಮಷೀನಿನ ಹಳೇ ಜಡ್ಡು ಅದು.

ಬೆಸುಗೆಬಸವ
ಹೌದು. ಟಿಆರ್4 ಅಂದರೆ ಜೆಡ್‌ಟಿಎಕ್ಸ್650, ಟಿಆರ್5 ಅಂದರೆ ಜೆಡ್‌ಟಿಎಕ್ಸ್213. ಒಂದು ಹೋದಾಗ ಇನ್ನೊಂದಕ್ಕೂ ಪೆಟ್ಟು ಬಿದ್ದಿರುತ್ತೆ, ಎರಡನ್ನೂ ಒಟ್ಟಿಗೆ ಬದಲಾಯಿಸಿ. ಟಿಆರ್4 ಜಾಗಕ್ಕೆ ಜೆಡ್‌ಟಿಎಕ್ಸ್651 ಕೂಡ ನಡೆಯುತ್ತೆ. ಬೇರೆ ಯಾವುದೋ ಟ್ರಾನ್ಸಿಸ್ಟರ್ ಹಾಕೋದಾದರೆ ಕಾಲುಗಳ ಕ್ರಮ ಡೇಟಾಶೀಟ್‌ನಲ್ಲಿ ನೋಡಿಯೇ ಹಾಕಿ, ಬೋರ್ಡಿನ ಮೇಲಿನ ಆಕಾರ ನೋಡಿ ಹಾಕಬೇಡಿ.

ಆಮೇಲೆ ಸುರುಳಿ. ಪವರ್ ತೆಗೆದು ಕಂಟಿನ್ಯೂಟಿ ನೋಡಿ. ಟಿಆರ್4 ಶಾರ್ಟ್ ಆಗಿ ಹೋಗಿದ್ದರೆ ಸುರುಳಿಯ ತೆಳು ತಂತಿ ಸುಟ್ಟು ತುಂಡಾಗಿರೋದು ಉಂಟು. ನಿಮ್ಮದರಲ್ಲಿ 8.4 ಬರ್ತಿರೋದರಿಂದ ಮುಖ್ಯ ಸುತ್ತು ತುಂಡಾಗಿಲ್ಲ. ಆದರೂ ಎಲ್ಲಾ ಕಾಲು ನೋಡಿ.

ಟೇಪುಮರುಳ
ಇದು ಯಾಕೆ ಸಾಯುತ್ತೆ ಅಂತಲೂ ಹೇಳಿ, ಇಲ್ಲದಿದ್ದರೆ ಮತ್ತೆ ಸಾಯಿಸ್ತಾರೆ. ಹಿಂದಿನ ಎಡ್ಜ್ ಕನೆಕ್ಟರ್‌ನಲ್ಲಿ 9, 12, 5 ವೋಲ್ಟ್ ಎಲ್ಲಾ ಹೊರಗೆ ಬಂದಿವೆ. ಪವರ್ ಇರುವಾಗಲೇ ಜಾಯ್‌ಸ್ಟಿಕ್ ಇಂಟರ್‌ಫೇಸ್‌ನೋ ಡಿವ್‌ಎಮ್‌ಎಮ್‌ಸಿಯನ್ನೋ (ಎಸ್‌ಡಿ ಕಾರ್ಡ್ ಜೋಡಿಸೋ ಸಾಧನ) ತುರುಕಿದರೆ, ಸ್ವಲ್ಪ ಓರೆಯಾದರೂ ಶಾರ್ಟ್. ಮಷೀನಿಗೆ ಸ್ವಿಚ್ ಇಲ್ಲದ್ದರಿಂದ ಪ್ಲಗ್ ಕಿತ್ತೇ ಹಾಕಬೇಕು. ಕನೆಕ್ಟರ್‌ನಲ್ಲಿ ದಾರಿ ತೋರಿಸೋ ಪ್ಲಾಸ್ಟಿಕ್ ಕೀಲಿ ಇರೋದನ್ನೇ ಕೊಳ್ಳಿ.

ನಿಜಯಂತ್ರವೇಕೆ
ಒಂದು ಪ್ರಶ್ನೆ, ಕೋಪ ಬೇಡ. ಇಷ್ಟೆಲ್ಲಾ ಕಷ್ಟ ಯಾಕೆ? ಫ್ಯೂಸ್ ಎಮ್ಯುಲೇಟರ್ (ಸ್ಪೆಕ್ಟ್ರಮ್‌ನ ಹಾಗೆ ನಡೆಯೋ ಸಾಫ್ಟ್‌ವೇರ್) ಹಾಕಿಕೊಂಡರೆ ಲ್ಯಾಪ್‌ಟಾಪಿನಲ್ಲೇ ಎಲ್ಲಾ ಆಗುತ್ತಲ್ಲ.

ಅಂಕಿಲಿಪಿ
ಕೋಡ್ ಬರೆಯೋಕೆ ಎಮ್ಯುಲೇಟರೇ ಸರಿ, ನಾನೂ ಅದನ್ನೇ ಹೇಳ್ತೀನಿ. ಎಸ್‌ಜಾಸ್ಮ್‌ಪ್ಲಸ್‌ನಲ್ಲಿ ಅಸೆಂಬಲ್ ಮಾಡಿ, ಫ್ಯೂಸ್‌ನಲ್ಲಿ ಡಿಬಗ್ ಮಾಡಿ, ಟ್ಯಾಪ್ ಫೈಲ್ (ಟೇಪಿನ ಡಿಜಿಟಲ್ ರೂಪ) ಮಾಡಿಕೊಂಡು ಕೊನೆಗೆ ಯಂತ್ರಕ್ಕೆ ಒಯ್ಯಿರಿ. ಆದರೆ ಆ ಕೊನೆಯ ಹೆಜ್ಜೆ ಬಿಟ್ಟರೆ ಕೋಡ್ ಸರಿಯಿದೆ ಅಂತ ಹೇಳೋ ಹಾಗಿಲ್ಲ. ಒಂದೇ ಉದಾಹರಣೆ: ಕೀಬೋರ್ಡ್ ಓದೋ ಪೋರ್ಟ್ 254. ಏನೂ ಒತ್ತದಿರುವಾಗ ಇಶ್ಯೂ 2 ಬೋರ್ಡ್ 255 ಕೊಡುತ್ತೆ, ಇಶ್ಯೂ 3 ಬೋರ್ಡ್ 191 ಕೊಡುತ್ತೆ. ಬಿಟ್ 6 ಬೇರೆ. 255 ಬಂದರೆ ಮಾತ್ರ ಯಾವ ಕೀಯೂ ಒತ್ತಿಲ್ಲ ಅಂತ ಬರೆದ ಆಟಗಳು ಇಶ್ಯೂ 3ರಲ್ಲಿ ತಾವೇ ಕೀ ಒತ್ತಿದ ಹಾಗೆ ಓಡ್ತವೆ. ಓದಿದ ಮೇಲೆ 31ರ ಜೊತೆ ಆಂಡ್ ಮಾಡಿ ಕೆಳಗಿನ ಐದು ಬಿಟ್ ಮಾತ್ರ ಇಟ್ಟುಕೊಳ್ಳಬೇಕು.

ನಿಜಯಂತ್ರವೇಕೆ
ಫ್ಯೂಸ್‌ನಲ್ಲೂ ಇಶ್ಯೂ 2 ಅನ್ನೋ ಆಯ್ಕೆ ಇದೆ.

ಅಂಕಿಲಿಪಿ
ಇದೆ. ಆ ವ್ಯತ್ಯಾಸ ಇದೆ ಅಂತ ಗೊತ್ತಿದ್ದವರು ಮಾತ್ರ ಅದನ್ನು ಒತ್ತಿ ನೋಡ್ತಾರೆ.

ಕುಡ್ಲಚಿಪ್
ಸಮಯದ ಲೆಕ್ಕವೂ ಉಂಟು. 16384ರಿಂದ 32767ರ ವರೆಗಿನ ರ್‍ಯಾಮನ್ನು ಯುಎಲ್‌ಎ (ಪರದೆಯ ಚಿತ್ರ ಮಾಡುವ ಚಿಪ್) ಕೂಡ ಓದ್ತದೆ, ಪರದೆ ಬಿಡಿಸುವಾಗ ಪ್ರೊಸೆಸರನ್ನು ತಡೆದು ನಿಲ್ಲಿಸ್ತದೆ. ಒಂದೇ ರುಟೀನ್ 32768ರ ಮೇಲಿಟ್ಟರೆ ವೇಗ, ಕೆಳಗಿಟ್ಟರೆ ನಿಧಾನ. ಒಂದು ಫ್ರೇಮ್‌ಗೆ 69888 ಟಿ-ಸ್ಟೇಟ್ (ಪ್ರೊಸೆಸರ್ ಗಡಿಯಾರದ ಮಿಡಿತ), ಅಷ್ಟೇ ಸಿಗುವುದು. ಒಳ್ಳೆ ಎಮ್ಯುಲೇಟರ್ ಇದನ್ನೂ ಲೆಕ್ಕ ಹಾಕ್ತದೆ, ಅಲ್ಲ ಹೇಳುವುದಿಲ್ಲ. ಎಲ್ಲ ಹಾಕುವುದಿಲ್ಲ.

ಶಿರಸಿ_ಜೆಡ್80
ಬಿಡಿಭಾಗ ಎಲ್ಲಿ ಅಂತ ಕೇಳುವವರು ಇರ್ತಾರೆ. 7805, ಎಲೆಕ್ಟ್ರೋಲಿಟಿಕ್, 16 ಕಾಲಿನ ಸಾಕೆಟ್, ಫ್ಲಕ್ಸ್, ವಿಕ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನೋಡಬಹುದು. ಎರಡೂ ತುದಿಯಲ್ಲಿ ತಂತಿ ಇರುವ ಆಕ್ಸಿಯಲ್ ಕೆಪ್ಯಾಸಿಟರ್ ಸಿಗದಿದ್ದರೆ ಸಾಮಾನ್ಯದ್ದನ್ನೇ ಮಲಗಿಸಿ, ಒಂದು ಕಾಲಿಗೆ ಸ್ಲೀವ್ ತೊಡಿಸಿ ಹಾಕಿ. ಕೀಬೋರ್ಡಿನ ಮೆಂಬ್ರೇನ್ ಮಾತ್ರ ಬ್ರಿಟನ್ನಿನಿಂದ ತರಿಸಬೇಕು. ಹಳೆ ಮೆಂಬ್ರೇನಿನ ಬಾಲ ಗರಿಗರಿಯಾಗಿ ಒಡೆಯುತ್ತೆ, ಮೇಲಿನ ಮುಚ್ಚಳ ಎತ್ತುವಾಗ ನಿಧಾನ. ಎರಡು ಬಾಲ ಇದೆ, ಒಂದರಲ್ಲಿ 5 ಗೆರೆ, ಇನ್ನೊಂದರಲ್ಲಿ 8. ನೇರ ಮೇಲಕ್ಕೆ ಎಳೀರಿ, ಓರೆ ಬೇಡ.

ಮಂಗಳವಾರಬೈಟ್
ವಿಷಯ ಸ್ವಲ್ಪ ಬೇರೆ. ನಮ್ಮ ದೇಶದಲ್ಲಿ ಸ್ಪೆಕ್ಟ್ರಮ್ ಮಾರಾಟಕ್ಕೆ ಇತ್ತಾ?

ಶಿರಸಿ_ಜೆಡ್80
ಇತ್ತು. ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ 1986ರಲ್ಲಿ ಪರವಾನಗಿ ಪಡೆದು ಡಿಬಿ ಸ್ಪೆಕ್ಟ್ರಮ್ ಪ್ಲಸ್ ಅಂತ ತಂದಿತು. ಪ್ಲಸ್ ಮಾದರಿಯಲ್ಲಿ ರಬ್ಬರ್ ಬದಲು ಗಟ್ಟಿ ಪ್ಲಾಸ್ಟಿಕ್ ಕೀ, ಪಕ್ಕದಲ್ಲಿ ರೀಸೆಟ್ ಬಟನ್. ಒಳಗಿನ ಬೋರ್ಡ್ 48ಕೆದೇ, ಹಾಗಾಗಿ ಈ ಚರ್ಚೆಯ ಅಳತೆಗಳೆಲ್ಲಾ ಅದಕ್ಕೂ ಹೊಂದುತ್ತವೆ. ಶಾಲೆಗಳಿಗೆ ಬಂದದ್ದು ಬೇರೆ ಯಂತ್ರ. 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ಏಕಾರ್ನ್‌ನ ಬಿಬಿಸಿ ಮೈಕ್ರೊ ಕೊಟ್ಟರು.

ಕುಡ್ಲಚಿಪ್
ಬಿಬಿಸಿ ಮೈಕ್ರೊ ಯಾರ ಕೈಗಾದ್ರೂ ಸಿಕ್ಕಿದ್ರೆ ಆನ್ ಮಾಡುವ ಮೊದಲು ಇದೊಂದು ಓದಿ. ಅದರ ಪವರ್ ಸಪ್ಲೈ ಒಳಗೆ ರೀಫಾ ಕಂಪನಿಯ ಎಕ್ಸ್2 ಕಾಗದದ ಕೆಪ್ಯಾಸಿಟರ್ ಉಂಟು, 100 ನ್ಯಾನೊಫ್ಯಾರಡ್ ಒಂದು, 10 ನ್ಯಾನೊಫ್ಯಾರಡ್ ಒಂದು. ಹೊರಗಿನ ಪಾರದರ್ಶಕ ಕವಚ ಕಾಲಕ್ರಮೇಣ ಬಿರುಕು ಬಿಡ್ತದೆ, ಬಿರುಕಿನಲ್ಲಿ ತೇವ ಸೇರ್ತದೆ, ಮೇನ್ಸ್ ಬಿದ್ದ ಕೆಲ ನಿಮಿಷದಲ್ಲಿ ಹೊಗೆ. ಕರಾವಳಿಯ ಹವೆಯಲ್ಲಿ ಕೇಳುವುದೇ ಬೇಡ. ಎರಡನ್ನೂ ಅದೇ ಬೆಲೆಯ ಹೊಸ ಎಕ್ಸ್2 ಪಾಲಿಪ್ರೊಪಿಲೀನ್‌ಗೆ ಬದಲಾಯಿಸಿ. ಎಕ್ಸ್2 ಎಂದು ಬರೆದದ್ದೇ ಬೇಕು, ಬರೀ ವೋಲ್ಟ್ ಹೊಂದಿತು ಎಂದು ಬೇರೆ ಹಾಕಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಇರ್ತದೆ, ಮೀಟರಿನಲ್ಲಿ ನೋಡಿಯೇ ಕೈ ಹಾಕಿ.

ಮರುಜೋಡಣೆ_ಮೈಸೂರು
ನೋಡಿ, ಅಳೆಯೋ ಮೊದಲೇ ಬದಲಾಯಿಸಬೇಕಾದ ಕೆಪ್ಯಾಸಿಟರೂ ಇದೆ ಅಂತಾಯ್ತು.

ಬೆಸುಗೆಬಸವ
ಮೇನ್ಸ್ ಕಡೆಯದ್ದು, ಒಪ್ಪಿದೆ. ಸ್ಪೆಕ್ಟ್ರಮ್ ಬೋರ್ಡಿನಲ್ಲಿ ಮೇನ್ಸೇ ಇಲ್ಲ.

ಮಲ್ಲಿಗೆ48
ಟಿಆರ್4, ಟಿಆರ್5 ಹಾಕಿ ಆಯ್ತು. ಸುರುಳಿ ಸರಿಯಿದೆ. ಈಗ ಅಳತೆ:
8ನೇ ಕಾಲು: 12.1
1ನೇ ಕಾಲು: ಮೈನಸ್ 4.95
ಬಣ್ಣ ಬಂತು! ಆದರೆ ಕಾಪಿರೈಟ್ ಸಾಲು ಇನ್ನೂ ಇಲ್ಲ. ಆನ್ ಮಾಡಿದ ಕ್ಷಣಕ್ಕೆ ಪರದೆಯೆಲ್ಲಾ ಹಸಿರು, ಅದರ ಮೇಲೆ ಸಣ್ಣ ಕೆಂಪು ಗೆರೆಗಳು ಮೇಲಿಂದ ಕೆಳಗೆ ಒತ್ತೊತ್ತಾಗಿ. ಆಮೇಲೆ ಎಲ್ಲಾ ಕಲಸುಮೇಲೋಗರ.

ಅಂಕಿಲಿಪಿ
ಹಸಿರು ಅಂದಿರಾ? ಹಾಗಾದರೆ ಚಿಪ್ ಹುಡುಕೋ ಕೆಲಸ ಪರದೆಯೇ ಮಾಡಿಕೊಟ್ಟಿದೆ.

ಆನ್ ಆದ ಕೂಡಲೇ ರೋಮ್‌ನ (ಒಳಗೆ ಶಾಶ್ವತವಾಗಿ ಬರೆದಿಟ್ಟ ಚಿಪ್‌ನ) ಪ್ರೋಗ್ರಾಮ್ ಎಲ್ಲಾ ರ್‍ಯಾಮ್‌ಗೂ 2 ಅನ್ನೋ ಸಂಖ್ಯೆ ಬರೆದು ಪರೀಕ್ಷೆ ಮಾಡುತ್ತೆ. 2 ಅಂದರೆ ಎರಡರ ಲೆಕ್ಕದಲ್ಲಿ 00000010. ಪರದೆಯ ಬಣ್ಣ ಇರೋದು 22528ರಿಂದ 768 ಬೈಟ್‌ಗಳಲ್ಲಿ. ಅದರಲ್ಲಿ ಕೆಳಗಿನ ಮೂರು ಬಿಟ್ ಇಂಕ್, ಮುಂದಿನ ಮೂರು ಪೇಪರ್, ಬಿಟ್ 6 ಬ್ರೈಟ್, ಬಿಟ್ 7 ಫ್ಲ್ಯಾಶ್. 2 ಬಿದ್ದರೆ ಇಂಕ್ ಕೆಂಪು, ಪೇಪರ್ ಕಪ್ಪು. ಅದಕ್ಕೇ ಆರೋಗ್ಯವಾಗಿರೋ ಯಂತ್ರದಲ್ಲಿ ಕ್ಷಣಹೊತ್ತು ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಗೆರೆ ಕಾಣೋದು, ಪ್ರತಿ ಎಂಟು ಪಿಕ್ಸೆಲ್‌ಗೆ ಒಂದು.

ನಿಮ್ಮದರಲ್ಲಿ ಪೇಪರ್ ಹಸಿರು, ಅಂದರೆ ಬಣ್ಣ 4, ಅಂದರೆ ಬಿಟ್ 5 ತಾನಾಗಿ 1 ಆಗಿ ನಿಂತಿದೆ. ಬರೆದದ್ದು 2, ಓದಿದ್ದು 34. ಇದು ನಿಜವಾದರೆ ಪ್ರತಿ ಎಂಟು ಪಿಕ್ಸೆಲ್‌ಗೆ ಒಂದಲ್ಲ, ಎರಡು ಕೆಂಪು ಗೆರೆ ಇರಬೇಕು: ಎಡದಿಂದ ಮೂರನೆಯದು ಮತ್ತು ಏಳನೆಯದು. ಫೋನಿನಲ್ಲಿ ವಿಡಿಯೊ ಹಿಡಿದು ಫ್ರೇಮ್ ಫ್ರೇಮಾಗಿ ನೋಡಿ.

ಮಲ್ಲಿಗೆ48
ನೋಡಿದೆ. ಗೆರೆಗಳ ನಡುವಿನ ಅಂತರ ಸಮ, ನಾಲ್ಕು ಪಿಕ್ಸೆಲ್‌ಗೆ ಒಂದು.

ಅಂಕಿಲಿಪಿ
ಮೂರು ಮತ್ತು ಏಳರ ನಡುವೆ ನಾಲ್ಕೇ. ಬಿಟ್ 5. ಐಸಿ6 ಬಿಟ್ 0, ಐಸಿ13 ಬಿಟ್ 7. ನಿಮ್ಮದು ಐಸಿ11.

ಹುಬ್ಬಳ್ಳಿಮೀಟರ್
ಭಾರಿ ಆತ್ ನೋಡ್ರಿ ಇದು. ಮೈನಸ್ 5 ಇಲ್ಲದ 12 ಬಿದ್ದರ 4116 ಸುಡತಾವ, ಕನ್ವರ್ಟರ್ ಸಾಯೋವಾಗ ಒಂದನ್ನ ಜೋಡಿ ಕರಕೊಂಡು ಹೋಗೈತಿ. ಚಿಪ್ ಮ್ಯಾಲ ಬೆರಳಿಟ್ಟೂ ನೋಡ್ರಿ, ಉಳಿದ ಏಳರಕಿಂತ ಬಿಸಿ ಅಥವಾ ತಣ್ಣಗ ಇದ್ರ ಇನ್ನೊಂದು ಸಾಕ್ಷಿ.

ಮರುಜೋಡಣೆ_ಮೈಸೂರು
4116 ಹುಡುಕ್ತಾ ಕೂರೋದು ಯಾಕೆ, 4164 ಹಾಕಿದರೆ ಆಯ್ತಲ್ಲ. ಅದೇ 16 ಕಾಲು.

ಬೆಸುಗೆಬಸವ
ಹಾಗೇ ಹಾಕಿದರೆ ಹೊಸ ಚಿಪ್ ಅಲ್ಲೇ ಸಾಯುತ್ತೆ! 4164ಕ್ಕೆ 8ನೇ ಕಾಲು 5 ವೋಲ್ಟ್, ಬೋರ್ಡಿನಲ್ಲಿ ಅಲ್ಲಿ 12 ಇದೆ. ಹಾಕೋದೇ ಆದರೆ ಹೀಗೆ: 1 ಮತ್ತು 8ನೇ ಕಾಲನ್ನು ಸಾಕೆಟ್‌ಗೆ ಇಳಿಯದ ಹಾಗೆ ಹೊರಕ್ಕೆ ಬಗ್ಗಿಸಿ. 8ನೇ ಕಾಲಿನಿಂದ 9ನೇ ಕಾಲಿಗೆ ಚಿಪ್ಪಿನ ಮೇಲಿಂದಲೇ ಸಣ್ಣ ತಂತಿ ಬೆಸೆಯಿರಿ. 9ರಲ್ಲಿ 5 ವೋಲ್ಟ್ ಇದೆ, ಅದೇ ಚಿಪ್‌ಗೆ ಊಟ. 4164ರಲ್ಲಿ 9ನೇ ಕಾಲು ಎ7 ವಿಳಾಸ, ಅದು ಸದಾ 1 ಆಗಿ ನಿಲ್ಲುತ್ತೆ, 64ಕೆಯಲ್ಲಿ 16ಕೆ ಮಾತ್ರ ಬಳಕೆಯಾಗುತ್ತೆ. ಅದರಿಂದ ತೊಂದರೆ ಇಲ್ಲ. 128 ಸುತ್ತಿನ ರಿಫ್ರೆಶ್ ಇರೋ ಚಿಪ್ ಆರಿಸಿ, ಜೆಡ್80 ಏಳೇ ಬಿಟ್ ರಿಫ್ರೆಶ್ ವಿಳಾಸ ಕೊಡೋದು.

ಹಳೇ ಚಿಪ್ ಬಿಡಿಸೋ ಬಗ್ಗೆ. ಚಿಪ್ ಉಳಿಸೋ ಆಸೆ ಬೇಡ, ಬೋರ್ಡ್ ಉಳಿಸಿ. ಸಣ್ಣ ಕಟರ್‌ನಲ್ಲಿ ಹದಿನಾರೂ ಕಾಲು ಮೈಪಕ್ಕದಲ್ಲಿ ಕತ್ತರಿಸಿ, ದೇಹ ಎತ್ತಿ, ಒಂದೊಂದೇ ಕಾಲನ್ನು 330ರಿಂದ 350 ಡಿಗ್ರಿಯಲ್ಲಿ ಕಾಯಿಸಿ ಚಿಮಟದಲ್ಲಿ ಎಳೀರಿ. ತೂತು ಬಿಡಿಸಲು ಹೊಸ ಸೋಲ್ಡರ್ ಸ್ವಲ್ಪ ಸೇರಿಸಿ, ಫ್ಲಕ್ಸ್ ಹಚ್ಚಿ, ಆಮೇಲೆ ವಿಕ್. ಬಲ ಹಾಕಿದರೆ ತೂತಿನೊಳಗಿನ ತಾಮ್ರದ ಕೊಳವೆ ಕಿತ್ತು ಬರುತ್ತೆ, ಆಮೇಲೆ ತಂತಿ ಎಳೆದು ಸರಿಮಾಡೋದು ಬಹಳ ಕೆಲಸ. ಗುಂಡುಪಿನ್ ಸಾಕೆಟ್ ಹಾಕಿ.

ಟೇಪುಮರುಳ
ರಿಪೇರಿ ನಡೀತಿರಲಿ, ಲೋಡ್ ಮಾಡೋಕೆ ಸಿದ್ಧ ಮಾಡಿಕೊಳ್ಳಿ. ಟೇಪ್‌ರೆಕಾರ್ಡರ್ ಇಲ್ಲದಿದ್ದರೂ ಫೋನಿನ ಇಯರ್‌ಫೋನ್ ತೂತಿನಿಂದ ಇಯರ್ ಸಾಕೆಟ್‌ಗೆ ಕೇಬಲ್ ಸಾಕು. ಮೂರು ತಪ್ಪು ಎಲ್ಲರೂ ಮಾಡೋದು.

ಎಂಪಿ3 ಮಾಡಬೇಡಿ, ವೇವ್ ಫೈಲೇ ಇರಲಿ. ಇಲ್ಲಿ ಮಾಹಿತಿ ಇರೋದು ಅಲೆಯ ಅಗಲದಲ್ಲಿ: 0 ಅಂದರೆ 855 ಟಿ-ಸ್ಟೇಟ್‌ನ ಎರಡು ಮಿಡಿತ, 1 ಅಂದರೆ 1710ರ ಎರಡು. ಎಂಪಿ3 ಆ ಅಂಚುಗಳನ್ನೇ ಸವರಿಬಿಡುತ್ತೆ. ಎರಡನೆಯದು ಸ್ಟೀರಿಯೊ ಪ್ಲಗ್. ಸಾಕೆಟ್ ಮೊನೊ, ಸ್ಟೀರಿಯೊ ಪ್ಲಗ್ ಹಾಕಿದರೆ ಒಂದು ಕಡೆ ಗ್ರೌಂಡ್‌ಗೆ ಶಾರ್ಟ್ ಆಗುತ್ತೆ, ಮೊನೊ ಕೇಬಲ್ ಹಾಕಿ. ಮೂರನೆಯದು ಧ್ವನಿ. ಪೂರ್ತಿ ಏರಿಸಿ ಶುರು ಮಾಡಿ, ಈಕ್ವಲೈಸರ್ ಎಲ್ಲಾ ಆಫ್. ಯುಎಸ್‌ಬಿ-ಸಿ ಡಾಂಗಲ್‌ಗಳ ಔಟ್‌ಪುಟ್ ತೀರಾ ಸಣ್ಣದಾದರೆ ನಡುವೆ ಸಣ್ಣ ಆಂಪ್ಲಿಫೈಯರ್ ಬೇಕು.

ಅಂಚು ನೋಡಿ ರೋಗ ಹೇಳಬಹುದು. ಕೆಂಪು-ತಿಳಿನೀಲಿ ದಪ್ಪ ಪಟ್ಟೆ ಸಮನಾಗಿ ಜಾರ್ತಿದ್ದರೆ ಪೈಲಟ್ (ಮಾಹಿತಿಗೆ ಮುಂಚಿನ ಸಮ ಸ್ವರ) ಸಿಕ್ಕಿದೆ. ನೀಲಿ-ಹಳದಿ ಸಣ್ಣ ಪಟ್ಟೆ ಬಂದರೆ ಮಾಹಿತಿ ಬರ್ತಿದೆ. ಪೈಲಟ್ ಬಂದು ಮಾಹಿತಿ ಬರದಿದ್ದರೆ ಧ್ವನಿ ಸ್ವಲ್ಪ ಇಳಿಸಿ ನೋಡಿ, ಅಲೆ ಚಪ್ಪಟೆಯಾಗಿರಬಹುದು.

ಮಂಗಳವಾರಬೈಟ್
ರೆಕಾರ್ಡರ್ ಇದ್ದವರಿಗೆ?

ಟೇಪುಮರುಳ
ಹೆಡ್ ಮತ್ತು ಪಿಂಚ್ ರೋಲರ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹೆಡ್ ಪಕ್ಕದ ಸ್ಪ್ರಿಂಗ್ ಇರೋ ಸ್ಕ್ರೂ ಸ್ವಲ್ಪಸ್ವಲ್ಪವೇ ತಿರುಗಿಸಿ, ಕಿವಿಗೆ ಧ್ವನಿ ಅತಿ ಚೂಪಾಗಿ ಕೇಳೋ ಕಡೆ ನಿಲ್ಲಿಸಿ. ಅಷ್ಟೇ.

ಮಲ್ಲಿಗೆ48
ಬಂತು! ಐಸಿ11 ತೆಗೆದು ಸಾಕೆಟ್ ಹಾಕಿ, ಬಸವ ಅವರು ಹೇಳಿದ ಹಾಗೆ 4164 ಕಾಲು ಬಗ್ಗಿಸಿ ಕೂರಿಸಿದೆ. ಕಪ್ಪು-ಕೆಂಪು ಮಿನುಗಿ ಬೆಳ್ಳಗಾಗಿ ಕೆಳಗೆ ಕಾಪಿರೈಟ್ ಸಾಲು. ಮೇಲಿನ 32ಕೆ ಸರಿಯಿದೆಯಾ ಅಂತ ನೋಡೋದು ಹೇಗೆ?

ಶಿರಸಿ_ಜೆಡ್80
ಅಭಿನಂದನೆ! ಪ್ರಿಂಟ್ ಪೀಕ್ 23732 + 256 * ಪೀಕ್ 23733 ಅಂತ ಕೊಡಿ. 65535 ಬಂದರೆ ಪೂರ್ತಿ 48ಕೆ ಕಂಡಿದೆ. 32767 ಬಂದರೆ ಮೇಲಿನದು ಹೋಗಿದೆ, ಯಂತ್ರ 16ಕೆ ಆಗಿ ಎದ್ದಿದೆ. ನಡುವಿನ ಸಂಖ್ಯೆ ಬಂದರೆ ಪರೀಕ್ಷೆ ಎಡವಿದ ಜಾಗದ ಹಿಂದಿನ ವಿಳಾಸ ಅದು.

ಮಲ್ಲಿಗೆ48
65535.

ಮರುಜೋಡಣೆ_ಮೈಸೂರು
ಬಹಳ ಸಂತೋಷ. ಈಗ ಕೆಪ್ಯಾಸಿಟರ್ ಬದಲಾಯಿಸಿ.

ಬೆಸುಗೆಬಸವ
ಈಗ ಹೌದು. ಎರಡೆರಡೇ ಬದಲಾಯಿಸಿ, ಪ್ರತಿ ಸಲ ಆನ್ ಮಾಡಿ ನೋಡುತ್ತಾ ಹೋಗಿ. ಯುಎಲ್‌ಎಗೊಂದು ಸಣ್ಣ ಹೀಟ್‌ಸಿಂಕ್ ಅಂಟಿಸಿ, ಬೋರ್ಡಿನಲ್ಲಿ ಅಂಗಡಿಯಲ್ಲಿ ಸಿಗದ ಚಿಪ್ ಅದು.

ಮಲ್ಲಿಗೆ48
ಮುಂದಿನ ಗುರಿ ಪರದೆ ಮೇಲೆ ಕನ್ನಡ. ಯುಡಿಜಿ (ನಾವೇ ಬಿಡಿಸಿಕೊಳ್ಳೋ ಅಕ್ಷರ) 21 ಇದೆ ಅಂತ ಓದಿದೆ, ಸಾಕಾಗುತ್ತಾ?

ಅಂಕಿಲಿಪಿ
ಸಾಕಾಗಲ್ಲ. ಎಂಟಕ್ಕೆಂಟರ ಚೌಕದಲ್ಲಿ ಕ, ರ, ಗ ಬಿಡಿಸಬಹುದು, ಒತ್ತಕ್ಷರಕ್ಕೆ ಜಾಗವೇ ಉಳಿಯಲ್ಲ. 16 ಅಗಲ, 16 ಎತ್ತರ ಇಟ್ಟುಕೊಳ್ಳಿ: ಮೇಲೆ 3 ಸಾಲು ತಲೆಕಟ್ಟು ಮತ್ತು ಗುಡಿಸಿಗೆ, 7 ಸಾಲು ಅಕ್ಷರದ ಮೈಗೆ, ಕೆಳಗೆ 6 ಸಾಲು ಒತ್ತಿಗೆ. ಪರದೆಯಲ್ಲಿ ಸಾಲಿಗೆ 16ರಂತೆ 12 ಸಾಲು. ವರ್ಣಮಾಲೆ 49, ಒತ್ತು 34, ಗುಣಿತದ ಚಿಹ್ನೆ ಸುಮಾರು 12. ಒಂದಕ್ಕೆ 32 ಬೈಟ್‌ನಂತೆ 95ಕ್ಕೆ 3040 ಬೈಟ್. ಧಾರಾಳವಾಗಿ ಹಿಡಿಯುತ್ತೆ.

ಕುಡ್ಲಚಿಪ್
ಒತ್ತಿಗೆ 32 ಬೈಟ್ ಯಾಕೆ? ಅದು ಇರುವುದೇ ಕೆಳಗಿನ 6 ಸಾಲಿನಲ್ಲಿ. 12 ಬೈಟ್ ಸಾಕು. 34ಕ್ಕೆ 408, ಉಳಿಕೆ 680 ಬೈಟ್. ಅಕ್ಷರ ಬಿಡಿಸಿ, ಅದರ ಕೆಳಗೆ ಒತ್ತನ್ನು ಆರ್ ಮಾಡಿ ಸೇರಿಸುವುದು.

ಅಂಕಿಲಿಪಿ
ಸರಿ, ಅದೇ ಉತ್ತಮ.

ಶಿರಸಿ_ಜೆಡ್80
ಒಳಗಿನ ಸಂಕೇತಕ್ಕೆ ಇಸ್ಕಿ (ಭಾರತೀಯ ಲಿಪಿಗಳ ಸಂಕೇತ ಪದ್ಧತಿ) ಬಳಸಿ, ಎಂಟು ಬಿಟ್‌ನಲ್ಲಿ ಮುಗಿಯುತ್ತೆ. ಕ ಅಂದರೆ 179, ಹಲಂತ 232. ಕ್ಕ ಅಂದರೆ 179, 232, 179.

ಅಂಕಿಲಿಪಿ
ಹೌದು, ಆದರೆ ಬೇಸಿಕ್‌ನ ಪ್ರಿಂಟ್‌ಗೆ ಕೊಡಬೇಡಿ. ಸ್ಪೆಕ್ಟ್ರಮ್‌ನಲ್ಲಿ 165ರಿಂದ 255ರವರೆಗೆ ಬೇಸಿಕ್ ಪದಗಳ ಟೋಕನ್. 179 ಕಾಸ್, 232 ಕಂಟಿನ್ಯೂ. ಕ್ಕ ಅಂತ ಪ್ರಿಂಟ್ ಮಾಡಿದರೆ ಕಾಸ್ ಕಂಟಿನ್ಯೂ ಕಾಸ್ ಅಂತ ಬರುತ್ತೆ. ಸ್ಟ್ರಿಂಗ್‌ನಲ್ಲಿ ಇಟ್ಟುಕೊಳ್ಳಬಹುದು, ಬಿಡಿಸೋ ರುಟೀನ್ ಮಾತ್ರ ನಿಮ್ಮದೇ ಇರಬೇಕು, 32768ರ ಮೇಲೆ. ಪರದೆಯ ವಿಳಾಸದಲ್ಲಿ ಒಂದು ಪಿಕ್ಸೆಲ್ ಸಾಲು ಕೆಳಗಿಳಿಯಲು ವಿಳಾಸದ ಮೇಲಿನ ಬೈಟ್ ಎಚ್‌ಗೆ 1 ಕೂಡಿಸಿ. ಎಂಟು ಸಾಲು ಮುಗಿದ ಮೇಲೆ ಕೆಳಗಿನ ಬೈಟ್ ಎಲ್‌ಗೆ 32 ಕೂಡಿಸಿ, ಕ್ಯಾರಿ ಬರದಿದ್ದರೆ ಎಚ್‌ನಿಂದ 8 ಕಳೆಯಿರಿ.

ಕುಡ್ಲಚಿಪ್
ಇಲ್ಲಿ ಕ್ಯಾರಿ ನೋಡುವ ಅಗತ್ಯವೇ ಇಲ್ಲ. ಪರದೆ ಮೂರು ಭಾಗ, ಒಂದೊಂದರಲ್ಲಿ 8 ಅಕ್ಷರಸಾಲು. 16 ಎತ್ತರದ ಸಾಲು 0, 2, 4, 6ರಲ್ಲೇ ಶುರುವಾಗುವುದರಿಂದ ಯಾವತ್ತೂ ಭಾಗದ ಗಡಿ ದಾಟುವುದಿಲ್ಲ. ಸುಮ್ಮನೆ ಎಲ್‌ಗೆ 32 ಕೂಡಿಸಿ, ಎಚ್‌ನಿಂದ 8 ಕಳೆಯಿರಿ.

ಅಂಕಿಲಿಪಿ
ಸರಿಯಾದ ತಿದ್ದುಪಡಿ. ಬೆಸ ಸಾಲಿನಲ್ಲಿ ಬರೆಯೋ ಆಸೆ ಇಲ್ಲದವರಿಗೆ ಅಷ್ಟು ಸಾಕು.

ಮಲ್ಲಿಗೆ48
ತಲೆಕಟ್ಟು ಅಕ್ಷರದ ಜೊತೆಗೇ ಬಿಡಿಸಬೇಕಾ, ಬೇರೆ ಇಡಬೇಕಾ?

ಶಿರಸಿ_ಜೆಡ್80
ಬೇರೆ. ಕ ಹೋಗಿ ಕಾ, ಕಿ, ಕೆ, ಕೌ ಆದಾಗ ತಲೆಕಟ್ಟು ಬಿದ್ದುಹೋಗುತ್ತೆ, ಆ ಜಾಗಕ್ಕೆ ಗುಣಿತದ ಚಿಹ್ನೆ ಬರುತ್ತೆ. ಖ, ಜ, ಟ, ಣ, ಬ, ಲ ಇವಕ್ಕೆ ತಲೆಕಟ್ಟೇ ಇಲ್ಲ, ಅಕ್ಷರಕ್ಕೊಂದು ಬಿಟ್ ಇಟ್ಟು ಗುರುತು ಹಾಕಿ. ಮ, ಯ, ಝ ಗುಣಿತಗಳನ್ನು ಪ್ರತ್ಯೇಕ ಕೋಷ್ಟಕದಲ್ಲೇ ಇಡೋದು ಒಳ್ಳೆಯದು.

ಮಲ್ಲಿಗೆ48
ಅರ್ಕಾವತ್ತು?

ಅಂಕಿಲಿಪಿ
ಅದು ಮಾತ್ರ ಮುಂದೆ ಇಣುಕಿ ನೋಡಬೇಕಾದದ್ದು. ಸಂಕೇತದಲ್ಲಿ ರ ಮೊದಲು, ಪರದೆಯಲ್ಲಿ ಕೊನೆಗೆ. 207 ಆದ ಮೇಲೆ 232 ಬಂದು, ಅದರ ಮುಂದೆ ಮತ್ತೊಂದು ವ್ಯಂಜನ ಇದ್ದರೆ ರ ಬಿಡಿಸಬೇಡಿ, ಒಂದು ಬೈಟ್‌ನಲ್ಲಿ 1 ಅಂತ ಗುರುತಿಟ್ಟುಕೊಂಡು ಮುಂದೆ ಹೋಗಿ. ಆ ವ್ಯಂಜನ, ಅದರ ಒತ್ತು, ಗುಣಿತ ಎಲ್ಲಾ ಬಿಡಿಸಿ ಮುಗಿದ ಮೇಲೆ ಅರ್ಕಾವತ್ತಿನ ಆಕಾರ ಹಾಕಿ ಗುರುತು ಅಳಿಸಿ. ಪರೀಕ್ಷೆಗೆ ಮೊದಲು "ಸೂರ್ಯ", ಆಮೇಲೆ "ಕರ್ನಾಟಕ", ಕೊನೆಗೆ "ವರ್ತ್ಯ" ಕೊಟ್ಟು ನೋಡಿ. ಮೂರನೆಯದರಲ್ಲಿ ಒತ್ತೂ ಅರ್ಕಾವತ್ತೂ ಒಟ್ಟಿಗೆ ಬರುತ್ತವೆ, ಗುರುತು ಬೇಗ ಅಳಿಸಿದ್ದರೆ ಅಲ್ಲೇ ಗೊತ್ತಾಗುತ್ತೆ.